ಕುಂಬಳಕಾಯಿಗೆ ಮೊದಲ ಕಚ್ಚು

ಬೋರಮ್ಮನನ್ನು ಪುಕ್ಕಲಿ ಎಂದು ಕರೆದರೆ ಅದು ಅನ್ಯಾಯದ ಮಾತಾಗುತ್ತದೆ. ಹಾವು ಕಂಡರೆ ಕಿರುಚುವ ಬದಲು ಕೋಲು ಹುಡುಕುವ ಹೆಂಗಸು ಆಕೆ. ಕರೆಂಟು ಬಂದ ಹೊತ್ತಿಗೆ ಒಬ್ಬಳೇ ತೋಟಕ್ಕೆ ಹೋಗಿ ನೀರು ಕಟ್ಟಿ ಬಂದವಳು. ಆಕೆಯ ಹೆದರಿಕೆಯೆಲ್ಲ ತನಗಾಗಿ ಅಲ್ಲ, ಹೊಸ್ತಿಲು ದಾಟಿ ಹೋದವರಿಗಾಗಿ. ಗಂಡ ಚಿಕ್ಕಣ್ಣ ಸೈಕಲ್ ಹತ್ತಿದರೆ ಆಕೆಗೆ ಲಾರಿ ನೆನಪಾಗುತ್ತಿತ್ತು. ಮಗಳು ಭವ್ಯಶ್ರೀ ಸ್ಕೂಲಿಗೆ ಹೊರಟರೆ ರೈಲ್ವೆ ಗೇಟು ನೆನಪಾಗುತ್ತಿತ್ತು. ಮಗ ಅರುಣ್ ಕುಮಾರ್ ಸುಮ್ಮನೆ ಜಗಲಿಯ ಮೇಲೆ ಕೂತಿದ್ದರೂ ತಲೆಯ ಮೇಲಿನ ಹೆಂಚು ನೆನಪಾಗುತ್ತಿತ್ತು. "ಯಮ ಬರೋಕ್ಕಿಂತ ಮುಂಚೇನೇ ನೀನು ಹೋಗಿ ಅಲ್ಲಿ ಕುಂತಿರ್ತೀಯ ಕಣೇ" ಎಂದು ಚಿಕ್ಕಣ್ಣ ರೇಗಿಸುತ್ತಿದ್ದ. ಬೋರಮ್ಮ ನಗುತ್ತಿರಲಿಲ್ಲ. ಯಮನ ಹೆಸರು ಎತ್ತಿದ್ದಕ್ಕೆ ಬಾಗಿಲ ಕಡೆ ತಿರುಗಿ ಥೂ ಥೂ ಎಂದು ಉಗಿಯುತ್ತಿದ್ದಳು.

ಅವರ ಮನೆಯಿದ್ದದ್ದು ತಿಪಟೂರಿನ ಅಂಚಿನಲ್ಲಿ, ಊರು ಮುಗಿದು ತೋಟಗಳು ಶುರುವಾಗುವ ಕಡೆಯ ಒಂದು ಗಲ್ಲಿಯಲ್ಲಿ. ಒಂದು ಸಾಲಿನಲ್ಲಿ ತೋಟ, ದನ ಇಟ್ಟುಕೊಂಡವರು. ಎದುರು ಸಾಲಿನಲ್ಲಿ ಸಾಬರ ಮನೆಗಳು. ಸರಿಯಾಗಿ ಎದುರಿಗೆ ಟೈಲರ್ ರಹಮತುಲ್ಲಾ, ಅವನ ಹೆಂಡತಿ ಜೈನಾಬ್ ಬೀ. ಅವರಿಗೆ ಇಬ್ಬರು ಮಕ್ಕಳು. ಹಿರಿಯವನು ಯಾಸೀನ್, ಲಾರಿ ಮೆಕ್ಯಾನಿಕ್ಕು. ಅರುಣನಿಗಿಂತ ಸ್ವಲ್ಪ ದೊಡ್ಡವನು. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಟೈರು ಉರುಳಿಸಿಕೊಂಡು ಇಡೀ ಗಲ್ಲಿಯ ಕೋಳಿಗಳನ್ನು ಗೋಳು ಹೊಯ್ದುಕೊಂಡವರು.

ಬೋರಮ್ಮನ ಹೆದರಿಕೆಗಳಲ್ಲಿ ಹೆಚ್ಚಿನವಕ್ಕೆ ತಲೆಬುಡವಿರಲಿಲ್ಲ. ಒಂದಕ್ಕೆ ಮಾತ್ರ ಗಟ್ಟಿಯಾದ ಕಥೆಯಿತ್ತು. ಗಂಡುಮಗು ಹೆತ್ತ ಹೆಂಗಸು ಇಡೀ ಕುಂಬಳಕಾಯಿಗೆ ಕತ್ತಿ ಹಾಕಬಾರದು ಎಂದು ಅವರ ಕಡೆಯ ಹಿರಿಯರ ಮಾತು. ಮೊದಲ ಕಚ್ಚನ್ನು ಗಂಡಸು ಹಾಕಿಕೊಡಬೇಕು. ಆಮೇಲೆ ಹೋಳು ಮಾಡುವುದೋ ಹುಳಿ ಮಾಡುವುದೋ ಹೆಂಗಸಿನ ಪಾಡು. ಮೀರಿ ಹೆಂಗಸೇ ಒಡೆದರೆ ಅದು ಅವಳ ಹಿರಿಮಗನ ತಲೆಗೆ ಬರುತ್ತದೆ. ಕಂದಿಕೆರೆಯ ತವರಿನಲ್ಲಿ ಬೋರಮ್ಮ ಇನ್ನೂ ಲಂಗ ತೊಡುವ ಹುಡುಗಿಯಾಗಿದ್ದಾಗ, ಪಕ್ಷದ ಹಬ್ಬದ ದಿನ ಗಂಡಸರು ಹೊಲದಿಂದ ಬರುವುದು ತಡವಾಯಿತು. ಹಿರಿಯರಿಗೆ ಎಡೆ ಇಡಲು ಹೊತ್ತಾಯಿತೆಂದು ಅವಳ ತಾಯಿ ತಾನೇ ಕುಂಬಳಕಾಯಿ ಒಡೆದಳು. ದೀಪಾವಳಿಗೆ ಮುಂಚೆ ಅವಳ ದೊಡ್ಡಣ್ಣ ತೆಂಗಿನಮರದಿಂದ ಬಿದ್ದು ತೀರಿಕೊಂಡ. ಮರ ಹತ್ತುವವರು ಬೀಳುವುದು ಆ ಸೀಮೆಯಲ್ಲಿ ಹೊಸದಲ್ಲ. ಕುಂಬಳಕಾಯಿಯ ಗೊಡವೆಗೇ ಹೋಗದವರ ಮಕ್ಕಳೂ ಬಿದ್ದಿದ್ದಾರೆ. ಆದರೆ ಅವಳ ತಾಯಿ ಸಾಯುವ ತನಕ ತನ್ನ ಬಲಗೈ ನೋಡಿಕೊಂಡು ಅಳುತ್ತಿದ್ದುದನ್ನು ಬೋರಮ್ಮ ಕಣ್ಣಾರೆ ಕಂಡಿದ್ದಳು. ಅಂಥದ್ದನ್ನು ಕಂಡವಳಿಗೆ ಬುದ್ಧಿ ಹೇಳುವುದು ಯಾರಿಂದಾದೀತು?

ಮದುವೆಯಾಗಿ ಬಂದರೆ ಅತ್ತೆ ಪುಟ್ಟಗಂಗಮ್ಮನದೂ ಅದೇ ಪಾಠ. ಚಿಕ್ಕಣ್ಣ ಮನೆಯಲ್ಲಿ ಇಲ್ಲದಿದ್ದರೆ ಅತ್ತೆ ಬಾಗಿಲಲ್ಲಿ ನಿಂತು, "ಸಾಬ್ರೇ, ಬಂದು ಇದಕ್ಕೊಂದು ಕಚ್ಚು ಹಾಕ್ಕೊಟ್ಬುಟ್ಟು ಹೋಗಪ್ಪ" ಎಂದು ಎದುರು ಮನೆಗೆ ಕೇಳುವಂತೆ ಕೂಗುತ್ತಿದ್ದಳು. ರಹಮತುಲ್ಲಾ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದು, ಬಟ್ಟೆಗೆ ಕತ್ತರಿ ಹಾಕುವಷ್ಟೇ ನಾಜೂಕಾಗಿ ಕಾಯಿ ಸೀಳಿ, ತನ್ನ ಪಾಲಿನ ಒಂದು ಹೋಳನ್ನು ಇಸಿದುಕೊಂಡು ಹೋಗುತ್ತಿದ್ದ. ಅತ್ತೆ ತೀರಿಕೊಂಡ ಮೇಲೂ ಆ ಪದ್ಧತಿ ತಪ್ಪಿರಲಿಲ್ಲ.

ತೊಂಬತ್ತೊಂಬತ್ತನೇ ಇಸವಿಯ ಜನವರಿ. ಸಂಕ್ರಾಂತಿ ಹತ್ತಿರ ಬಂದಿತ್ತು, ರಂಜಾನ್ ಉಪವಾಸವೂ ನಡೆದಿತ್ತು. ಗಲ್ಲಿಯ ಈ ಸಾಲಿನಲ್ಲಿ ಅವರೆಕಾಯಿಯ ಸೊಗಡು, ಆ ಸಾಲಿನಲ್ಲಿ ಸಂಜೆಯಾದರೆ ಸಮೋಸದ ವಾಸನೆ. ಅರುಣ್ ಕುಮಾರನಿಗೆ ಮಾತ್ರ ಎರಡೂ ಬೇಡವಾಗಿತ್ತು. ಐಟಿಐ ಓದುತ್ತಿದ್ದ ಎತ್ತರದ ಹುಡುಗ ಟೈಫಾಯಿಡ್ ಹಿಡಿದು ನಡುಮನೆಯಲ್ಲಿ ಮಲಗಿದ್ದ. ಔಷಧಿಗೆ ಜ್ವರವೇನೋ ಇಳಿದಿತ್ತು, ಹೋಗುವಾಗ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಗಂಜಿ ತಂದರೆ ಗೋಡೆ ಕಡೆ ಹೊರಳುತ್ತಿದ್ದ. ಎಳನೀರು ಕೊಟ್ಟರೆ ಒಂದು ಗುಟುಕು, ಅದೂ ಅರ್ಧ ಗಳಿಗೆಯಲ್ಲಿ ವಾಪಸು. ಮಗನ ಮಣಿಕಟ್ಟು ತನ್ನ ಎರಡು ಬೆರಳಿನ ಒಳಗೆ ಸಿಗುವುದನ್ನು ನೋಡಿ ಬೋರಮ್ಮ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಗುರುವಾರ ಡಾಕ್ಟರು ನೋಡಿ, "ಕರುಳು ಹುಣ್ಣಾಗಿರ್ತದಮ್ಮ. ಖಾರ, ಕರಿದಿದ್ದು, ಮಾಂಸ ಏನೂ ಬೇಡ. ಸೀಗುಂಬಳಕಾಯಿ ಇದ್ರೆ ಮೆತ್ತಗೆ ಬೇಯಿಸಿ, ಮಸೆದು, ಸೋಸಿ, ಸೂಪ್ ಮಾಡಿ ಕೊಡಿ. ನಾಳೆನೂ ಹೊಟ್ಟೆಗೇನೂ ಇಳೀಲಿಲ್ಲ ಅಂದ್ರೆ ತುಮಕೂರಿಗೆ ಬರ್ಕೊಡ್ತೀನಿ, ಕರ್ಕೊಂಡು ಹೋಗ್ಬೇಕಾಗ್ತದೆ" ಎಂದರು. ಸೂಪ್ ಎಂದರೆ ಬೋರಮ್ಮನಿಗೆ ಗೊತ್ತಿದ್ದದ್ದು ಕುರಿಕಾಲಿನದೊಂದೇ. ಕುಂಬಳಕಾಯಿಯಲ್ಲಿ ಸೂಪ್ ಮಾಡುತ್ತಾರೆಂಬುದು ಹೊಸದು. ಆದರೆ ಆಕೆಯ ಕಿವಿಯಲ್ಲಿ ಉಳಿದದ್ದು ಸೂಪ್ ಅಲ್ಲ, ತುಮಕೂರು. ತುಮಕೂರಿನ ದೊಡ್ಡಾಸ್ಪತ್ರೆಗೆ ಹೋಗಿ ಮರಳಿದವರ ಹೆಸರುಗಳು ಆಕೆಗೆ ಒಂದೂ ನೆನಪಾಗಲಿಲ್ಲ. ಹೋಗಿ ಬಾರದವರವು ಮಾತ್ರ ಸಾಲಾಗಿ ನೆನಪಾದವು.

ಮಾರನೆಯ ಬೆಳಿಗ್ಗೆ ನೊಣವಿನಕೆರೆಯಿಂದ ಸಾವಿನ ಸುದ್ದಿ ಬಂತು. ಗಲ್ಲಿಯ ಅರ್ಧ ಮನೆಗಳಿಗೆ ನೆಂಟನಾದ ಬಸವರಾಜಪ್ಪ ಹೋಗಿಬಿಟ್ಟಿದ್ದ. ಒಂದು ಟ್ರ್ಯಾಕ್ಟರು ಬಂದು ಈ ಸಾಲಿನ ಗಂಡಸರು ಹೆಂಗಸರನ್ನೆಲ್ಲ ತುಂಬಿಕೊಂಡು ಹೊರಟಿತು. ಚಿಕ್ಕಣ್ಣನೂ ಹೋದ. ಹೋಗುವ ಮುಂಚೆ ಗಂಡನ ಕೈಲಿ ಕುಂಬಳಕಾಯಿಗೊಂದು ಕಚ್ಚು ಹಾಕಿಸಿಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬೆಳಿಗ್ಗೆ ಮಗ ನೀರೂ ಬೇಡವೆಂದು ಮಲಗಿದ್ದ. ಟ್ರ್ಯಾಕ್ಟರಿನವನು ಹಾರನ್ ಹೊಡೆಯುತ್ತಿದ್ದ. ಭವ್ಯಶ್ರೀ ಸ್ಕೂಲಿಗೆ ಜಡೆ ಹಾಕೆಂದು ಕೂತಿದ್ದಳು. ಮರೆತೇಹೋಯಿತು.

ಮಧ್ಯಾಹ್ನ ಬಿಸಿಲು ಅಂಗಳಕ್ಕೆ ನೇರವಾಗಿ ಇಳಿದ ಹೊತ್ತಿಗೆ ಒಳಗಿನಿಂದ ದನಿ ಬಂತು.

"ಅವ್ವಾ, ಹೊಟ್ಟೆ ಹಸೀತದೆ."

ಬೋರಮ್ಮ ಕೈಯಲ್ಲಿದ್ದ ಮೊರ ಬಿಟ್ಟು ಓಡಿದಳು. ಅಷ್ಟು ದಿನ ಆಕೆ ದೇವರ ಮುಂದೆ ಕೈಮುಗಿದು ಕೇಳಿದ್ದೆಲ್ಲ ಆ ಒಂದು ಮಾತನ್ನೇ. "ಏನು ಬೇಕು ಮಗಾ? ಗಂಜಿ ಮಾಡ್ಲಾ?" ಎಂದಳು. ಅರುಣ ಮುಖ ಕಿವುಚಿದ. "ಗಂಜಿ ಹೆಸರು ಎತ್ಬೇಡ, ವಾಂತಿ ಬತ್ತದೆ. ಡಾಕ್ಟ್ರು ಹೇಳಿದ್ರಲ್ಲ, ಅದು ಕೊಡು. ಬೇಗ ಮಾಡವ್ವ."

ಬೇಗ ಮಾಡವ್ವ ಎಂದ. ಕಾಯಿಲೆ ಮಲಗಿದವರ ಹಸಿವು ಎಂಥದೆಂದು ಬೋರಮ್ಮನಿಗೆ ಗೊತ್ತಿತ್ತು. ಬಂದಾಗ ಬಾಯಿಗೆ ಇಡಬೇಕು, ಕಾಯಿಸಿದರೆ ಬಂದ ದಾರಿಯಲ್ಲೇ ಹೋಗಿಬಿಡುತ್ತದೆ. ಆಕೆ ಏಣಿ ಹಾಕಿ ಅಟ್ಟ ಹತ್ತಿದಳು. ಕೊಬ್ಬರಿಯಾಗಲೆಂದು ಹಾಕಿದ್ದ ತೆಂಗಿನಕಾಯಿಗಳ ರಾಶಿಯ ಪಕ್ಕದಲ್ಲಿ, ನಾರಿನ ಸಿಂಬಿಯ ಮೇಲೆ, ತವರಿನಿಂದ ಬಂದಿದ್ದ ಕುಂಬಳಕಾಯಿ ಕೂತಿತ್ತು. ಹೊಗೆ ಕುಡಿದು ಮಾಸಿದ್ದರೂ ಕಲ್ಲಿನಂತೆ ಗಟ್ಟಿಯಾಗಿತ್ತು. ಕಂಕುಳಲ್ಲಿ ಅದನ್ನು ಅವುಚಿಕೊಂಡು ಇಳಿಯುವಾಗ, ಅಟ್ಟದ ಮೇಲೆ ಕಾಲಿಗೆ ತಗುಲಿದ ಕಾಯೊಂದು ಉರುಳಿ, ಒಳಗಿನ ಗಿಟುಕು ಗಡಗಡ ಎಂದಿತು.

ಮಣೆ ಇಟ್ಟು, ಮಚ್ಚು ತೆಗೆದು, ಕಾಯಿಯನ್ನು ಮುಂದೆ ಇಟ್ಟುಕೊಂಡ ಮೇಲೆ ಕೈ ನಿಂತಿತು.

ಯಾರು ಹಾಕಬೇಕು ಕಚ್ಚು? ಮನೆಯಲ್ಲಿ ಇದ್ದ ಗಂಡಸು ಅರುಣನೊಬ್ಬನೇ. ಅವನ ಕೈಗೇ ಮಚ್ಚು ಕೊಡೋಣವೆಂದರೆ, ಲೋಟ ಹಿಡಿದರೆ ನಡುಗುವ ಕೈ. ಅದೂ ಅಲ್ಲದೆ ಯಾರ ತಲೆಗೆ ಬರುತ್ತದೆಂದು ಭಯವೋ ಅವನ ಕೈಯಿಂದಲೇ ಹಾಕಿಸುವುದೇ? ಪೇಟೆಗೆ ಹೋಗಿ ಕುಯ್ದ ಹೋಳು ಕೊಂಡು ತರಬಹುದಿತ್ತು. ಆದರೆ ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳುವ ಮಗನನ್ನು ಒಬ್ಬನೇ ಬಿಟ್ಟು ಅಷ್ಟು ದೂರ ಹೋಗುವುದು ಹೇಗೆ? ಆಕೆ ಕುಂಬಳಕಾಯಿಯನ್ನು ಸೊಂಟಕ್ಕೆ ಏರಿಸಿಕೊಂಡಳು, ಬಾಗಿಲು ಮುಂದೆ ಮಾಡಿದಳು, ಗಂಡಸನ್ನು ಹುಡುಕಿಕೊಂಡು ಗಲ್ಲಿಗೆ ಇಳಿದಳು.

ಗಲ್ಲಿ ಬಿಕೋ ಎನ್ನುತ್ತಿತ್ತು. ಈ ಸಾಲಿನ ಬಾಗಿಲುಗಳಿಗೆಲ್ಲ ಬೀಗ. ಆ ಸಾಲಿನಲ್ಲಿ ಶುಕ್ರವಾರ, ಅದೂ ರಂಜಾನಿನ ಶುಕ್ರವಾರ. ಟೋಪಿ ಹಾಕುವ ಪುಟ್ಟ ಹುಡುಗನಿಂದ ಹಿಡಿದು ಗಂಡಸರೆಲ್ಲ ಮಸೀದಿಗೆ ಹೋಗಿದ್ದರು. ಗಲ್ಲಿಯ ಕೊನೆಯ ಕೊಟ್ಟಿಗೆಯಿಂದ ಮಾತ್ರ ಕರ್ ಕರ್ ಎಂದು ಸದ್ದು ಬರುತ್ತಿತ್ತು. ಕೊನೆಮನೆಯ ರಂಗಪ್ಪ, ನೆಲಕ್ಕೆ ನೆಟ್ಟ ಹಾರೆಗೆ ತೆಂಗಿನಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದ. ಅವನನ್ನು ಕಂಡು ಬೋರಮ್ಮನಿಗೆ ಹೋದ ಜೀವ ಬಂದಂತಾಯಿತು.

"ರಂಗಪ್ಪ, ಪುಣ್ಯ ಬತ್ತದೆ, ಇದಕ್ಕೊಂದು ಕಚ್ಚು ಹಾಕ್ಕೊಡಪ್ಪ."

ರಂಗಪ್ಪ ಹಾರೆ ಬಿಟ್ಟು ಹಿಂದಕ್ಕೆ ಸರಿದ. "ಅಯ್ಯೋ, ಅದೊಂದು ಕೇಳ್ಬೇಡ ಕಣಕ್ಕ. ಮನೇಲಿ ಬಸುರಿ ಅವ್ಳೆ, ಅದಕ್ಕೇ ಸಾವಿಗೂ ಹೋಗ್ಲಿಲ್ಲ. ನಾನು ಕುಂಬಳಕಾಯಿ ಒಡೆಯಂಗಿಲ್ಲ."

"ಬೆಳಗಿಂದ ಇಷ್ಟು ಕಾಯಿ ಸುಲ್ದಿದ್ದೀಯಲ್ಲಪ್ಪ!"

"ಸುಲಿಯೋದು ಬೇರೆ, ಒಡೆಯೋದು ಬೇರೆ. ಒಂದು ಕಾಯಿನಾದ್ರೂ ಒಡೆದಿದ್ದೀನಾ ನೋಡು" ಎಂದು ಸುಲಿದ ರಾಶಿಯನ್ನು ತೋರಿಸಿದ. ನಿಜ, ಒಂದೂ ಒಡೆದಿರಲಿಲ್ಲ. ಅವನ ಮೇಲೆ ಸಿಟ್ಟಾಗಲು ಬೋರಮ್ಮನಿಗೆ ಬಾಯಿ ಇರಲಿಲ್ಲ. ತನ್ನ ಭಯವೇ ಅವನ ಬಾಯಿಂದ ಹೊರಗೆ ಬಂದಿತ್ತು, ಅಷ್ಟೇ. "ನಮಾಜು ಮುಗಿಸ್ಕಂಡು ಸಾಬ್ರು ಬತ್ತಾರೆ, ಒಸಿ ಹೊತ್ತು ಕಾಯಕ್ಕ" ಎಂದು ಅವನು ಸಮಾಧಾನ ಹೇಳಿದ. ಕಾಯುವಂತಿದ್ದರೆ ಆಕೆ ಕಲ್ಲು ಭಾರದ ಕಾಯಿ ಹೊತ್ತುಕೊಂಡು ಬಿಸಿಲಲ್ಲಿ ತಿರುಗುತ್ತಿದ್ದಳೇ?

ವಾಪಸು ಬರುವಾಗ ಜೈನಾಬ್ ಬೀ ಜಗಲಿಯ ಮೇಲೆ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಉಪವಾಸದ ಮುಖ ಬಾಡಿತ್ತು, ಆದರೂ ಬೋರಮ್ಮನನ್ನು ಕಂಡು ನಕ್ಕಳು. "ಏನು ಬೋರಮ್ಮ, ಕುಂಬಳಕಾಯಿ ಎತ್ಕೊಂಡು ಮೆರವಣಿಗೆ ಹೊಂಟಿದ್ದೀರಾ?"

"ಸಾಬ್ರು ಇದ್ದಾರಾ ಬೂಬಮ್ಮ?"

"ಜುಮ್ಮಾಕ್ಕೆ ಹೋಗವ್ರೆ. ಅರುಣ ಹೆಂಗಿದಾನೆ?"

ಅರುಣನ ಹೆಸರು ಕೇಳಿದ್ದೇ ಬೋರಮ್ಮ ಜಗಲಿಯ ಹತ್ತಿರಕ್ಕೆ ಬಂದಳು. "ಹೊಟ್ಟೆ ಹಸೀತದೆ ಅಂದ ಬೂಬಮ್ಮ. ಇವತ್ತು ಬಾಯಿಬಿಟ್ಟು ಕೇಳ್ದ. ಇದಕ್ಕೊಂದು ಕಚ್ಚು..." ಎಂದು ಅಲ್ಲಿಗೇ ನಿಲ್ಲಿಸಿದಳು.

ಜೈನಾಬ್ ಬೀ ಆಕೆಯ ಮುಖ ನೋಡಿದಳು, ಸೊಂಟದ ಮೇಲಿನ ಕಾಯಿ ನೋಡಿದಳು. ಸೂಜಿಯನ್ನು ರವಿಕೆಗೆ ಚುಚ್ಚಿಟ್ಟಳು. "ಅಷ್ಟೇ ತಾನೆ? ಇಲ್ಲಿ ಕೊಡಿ" ಎಂದು ಕೈ ಚಾಚಿದಳು.

ಆಗ ಒಂದು ಮಾತು ಹೇಳಬೇಕಿತ್ತು. ಬೇಡ ಬೂಬಮ್ಮ, ನಿಮಗೂ ಗಂಡುಮಕ್ಕಳಿದ್ದಾರೆ ಎನ್ನಬೇಕಿತ್ತು. ಆ ಮಾತು ಬೋರಮ್ಮನ ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಅದೇ ಹೊತ್ತಿಗೆ ಮನಸ್ಸಿನ ಇನ್ನೊಂದು ಮೂಲೆ, ಅವರ ಜಾತಿಗೆ ಇದೆಲ್ಲ ಇಲ್ಲ, ಇಲ್ಲದವರಿಗೆ ತಟ್ಟುವುದೂ ಇಲ್ಲ ಎಂದು ಲಾಯರಿನಂತೆ ವಾದ ಶುರುಮಾಡಿತು. ಆಕೆ ಬಾಯಿ ಮುಚ್ಚಿಕೊಂಡು ಕಾಯಿಯನ್ನು ಕೊಟ್ಟಳು. ಜೈನಾಬ್ ಬೀ ಒಳಗಿಂದ ಮಚ್ಚು ತಂದು, ಬಿಸ್ಮಿಲ್ಲಾ ಎಂದು ಎತ್ತಿ ಹಾಕಿದಳು. ಮೊದಲ ಏಟಿಗೆ ಮಚ್ಚು ಸಿಕ್ಕಿಕೊಂಡಿತು. ಕಾಯಿ ಸಮೇತ ಎತ್ತಿ ಕಲ್ಲಿಗೆ ಕುಕ್ಕಿದಾಗ ಕಾಯಿ ಎರಡಾಯಿತು. ಒಳಗೆ ಅರಿಶಿನದ ಬಣ್ಣ, ತುಂಬ ಬೀಜ.

ಕಾಯಿ ಎರಡಾದ ಮೇಲೆ ಬೋರಮ್ಮನ ಬಾಯಿ ತೆರೆಯಿತು. "ಯಾಸೀನ್ ಎಲ್ಲಿ ಬೂಬಮ್ಮ?"

"ಹುಳಿಯಾರು ರೋಡಲ್ಲಿ ಯಾವ್ದೋ ಅದಿರಿನ ಲಾರಿ ಕೆಟ್ಟು ನಿಂತದಂತೆ. ಬೆಳಗಿನ ಜಾವ ಸಹರಿ ಊಟ ಮುಗಿಸ್ದೋನು ಹಂಗೇ ಹೋದ. ಸಂಜೆ ರೋಜಾ ಬಿಡೋ ಹೊತ್ತಿಗೆ ಬತ್ತಾನೆ. ಹೋಗಿ, ಹುಡುಗ ಕಾಯ್ತಾನೆ, ಹೋಗಿ" ಎಂದು ಜೈನಾಬ್ ಬೀ ಆಕೆಯನ್ನು ಹೆಚ್ಚು ಕಡಿಮೆ ನೂಕಿಯೇ ಕಳಿಸಿದಳು.

ಬೋರಮ್ಮ ಸೂಪ್ ಮಾಡಿದ ರೀತಿಯನ್ನು ಯಾವ ಹೋಟೆಲಿನವನೂ ಒಪ್ಪಲಿಕ್ಕಿಲ್ಲ. ಸಿಪ್ಪೆ ತೆಗೆದು, ಬೀಜ ಬಳಿದು, ಹೋಳನ್ನು ಸಣ್ಣಗೆ ಹೆಚ್ಚಿ, ನೀರು ಹಾಕಿ ಒಲೆಯ ಮೇಲೆ ಇಟ್ಟಳು. ಒಂದು ಚಿಟಿಕೆ ಜೀರಿಗೆ ಹಾಕಿದಳು. ಮೆಣಸು ಹಾಕಲೋ ಬೇಡವೋ? ಖಾರ ಬೇಡ ಎಂದಿದ್ದರಲ್ಲ, ಡಬ್ಬಿ ಮುಚ್ಚಿಟ್ಟಳು. ಬೆಂದ ಹೋಳನ್ನು ಮಸ್ಸೊಪ್ಪು ಮಸೆಯುವ ಕಡೆಗೋಲಿನಿಂದ ಮಸೆದಳು, ತೆಳುಬಟ್ಟೆಯಲ್ಲಿ ಸೋಸಿದಳು. ಬಣ್ಣವೇನೋ ಚೆನ್ನಾಗಿ ಬಂತು. ಆದರೆ ತೆಂಗಿನ ಸೀಮೆಯ ಹೆಂಗಸಿಗೆ ಕಾಯಿ ಬೀಳದ ಅಡುಗೆ ಅಡುಗೆಯಲ್ಲ. ಅರ್ಧ ಹೋಳು ಕಾಯಿ ತುರಿದು ಹಾಲು ಹಿಂಡಿದಳು. ಹಿಂಡಿದ ಮೇಲೆ ಅದರಲ್ಲಿ ಎಣ್ಣೆಯಂಶ ಇರುತ್ತದಲ್ಲ ಎಂದು ಹೆದರಿದಳು. ಒಂದು ಚಮಚ ಹಾಕಿದಳು, ಇನ್ನೊಂದು ಹಾಕಲು ಕೈ ಬರಲಿಲ್ಲ. ಇಷ್ಟೆಲ್ಲ ಮಾಡುವಾಗಲೂ ಆಕೆಯ ಕಣ್ಣಿಗೆ ಕಾಣುತ್ತಿದ್ದದ್ದು ಪಾತ್ರೆಯಲ್ಲ, ಜಾಕಿನ ಮೇಲೆ ನಿಂತ ಲಾರಿ. ಅದರ ಅಡಿಯಿಂದ ಹೊರಗೆ ಚಾಚಿದ ಎರಡು ಕಾಲು.

ಅರುಣ ಎದ್ದು ಗೋಡೆಗೆ ಒರಗಿ ಕೂತ. ಮೊದಲ ಚಮಚವನ್ನು ಬಾಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದ. ನುಂಗಿದ. ಆಮೇಲೆ ಬಟ್ಟಲನ್ನು ಕೈಗೇ ಇಸಿದುಕೊಂಡು ಸುರ್ ಎಂದು ಕುಡಿದು, "ಇನ್ನೊಸಿ ಹಾಕವ್ವ" ಎಂದ. ಎರಡನೆಯ ಬಟ್ಟಲೂ ಖಾಲಿಯಾಯಿತು. ಕಾದು ಕೂತರೂ ವಾಂತಿಯಾಗಲಿಲ್ಲ. ಹಣೆಯ ಮೇಲೆ ಸಣ್ಣಗೆ ಬೆವರೊಡೆದು ಅವನು ನಿದ್ದೆಹೋದ. ಅದು ಜ್ವರದ ಮಂಪರಲ್ಲ, ಹೊಟ್ಟೆ ತುಂಬಿದವನ ನಿದ್ದೆ.

ಬೇರೆ ತಾಯಿಯಾಗಿದ್ದರೆ ಅಲ್ಲೇ ಕೂತು ಆನಂದದಿಂದ ಅಳುತ್ತಿದ್ದಳು. ಬೋರಮ್ಮನಿಗೆ ಅಷ್ಟು ಸುಖ ಬರೆದಿರಲಿಲ್ಲ. ಮಗ ಒಂದೊಂದು ಗುಟುಕು ಕುಡಿದಂತೆಲ್ಲ ಆಕೆಯ ಎದೆಯಲ್ಲಿ ಲೆಕ್ಕ ಅತ್ತ ಕಡೆಗೆ ವಾಲುತ್ತಿತ್ತು. ನನ್ನ ಮಗ ಉಳಿದ. ಹಾಗಾದರೆ ಅದು ಯಾರ ತಲೆಗೆ ಹೋಯಿತು? ಅವರಿಗೆ ಇದೆಲ್ಲ ಇಲ್ಲ ಎಂದು ಮಧ್ಯಾಹ್ನ ವಾದ ಮಾಡಿದ್ದ ಮೂಲೆ ಈಗ ಗಪ್‌ಚಿಪ್ಪಾಗಿತ್ತು. ಮಚ್ಚಿಗೆ ಜಾತಿ ಗೊತ್ತೇ? ಟೈಫಾಯಿಡ್ಡಿಗೆ ಗೊತ್ತೇ? ಹೇಳಬಹುದಾಗಿತ್ತು, ಬೇಕೆಂದೇ ಹೇಳಲಿಲ್ಲ. ನನ್ನ ಮಗನ ತಲೆಯ ಮೇಲಿನದನ್ನು ಇನ್ನೊಬ್ಬ ತಾಯಿಯ ಕೈಗೆ ದಾಟಿಸಿ ಬಂದೆ. ತನ್ನ ತಾಯಿ ಬಲಗೈ ನೋಡಿಕೊಂಡು ಅತ್ತಂತೆ ಜೈನಾಬ್ ಬೀ ಸಾಯುವವರೆಗೂ ಅಳುವುದು ಆಕೆಯ ಕಣ್ಣಿಗೆ ಕಟ್ಟಿತು. ಜೈನಾಬ್ ಬೀಗೆ ಯಾಕೆ ಎಂದು ಕೂಡ ಗೊತ್ತಿರುವುದಿಲ್ಲ. ಅದು ಇನ್ನೂ ದೊಡ್ಡ ಪಾಪ ಎನಿಸಿತು.

ಭವ್ಯಶ್ರೀ ಸ್ಕೂಲಿಂದ ಬಂದಳು. ಟ್ರ್ಯಾಕ್ಟರು ವಾಪಸು ಬಂತು. ಚಿಕ್ಕಣ್ಣ ಹಿತ್ತಿಲಲ್ಲಿ ಸ್ನಾನ ಮಾಡಿ ಒಳಗೆ ಬಂದು, ಮಗ ಎರಡು ಬಟ್ಟಲು ಕುಡಿದನೆಂದು ಕೇಳಿ ಹಿಗ್ಗಿಹೋದ. ಒಲೆಯ ಪಕ್ಕದಲ್ಲಿದ್ದ ಉಳಿದ ಅರ್ಧ ಕಾಯಿ ಕಂಡು, "ಯಾರು ಕಚ್ಚು ಹಾಕ್ಕೊಟ್ಟಿದ್ದು?" ಎಂದು ಸುಮ್ಮನೆ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಬೋರಮ್ಮನ ಕೈಯಲ್ಲಿದ್ದ ಚೊಂಬು ಕೆಳಗೆ ಬಿತ್ತು.

"ಹುಳಿಯಾರು ರೋಡಲ್ಲಿ ಏನಾರಾ ಆಗದಂತಾ? ಏನಾರಾ ಕೇಳಿದ್ರಾ?" ಎಂದಳು.

"ನಾನು ಹೋಗಿದ್ದು ನೊಣವಿನಕೆರೆಗೆ ಕಣೇ. ಹುಳಿಯಾರು ರೋಡಿನ ಸುದ್ದಿ ನನಗ್ಯಾರು ಹೇಳ್ತಾರೆ?" ಎಂದು ಅವನು ಟವಲು ಹೆಗಲಿಗೆ ಹಾಕಿಕೊಂಡು ಮಗನ ಪಕ್ಕ ಹೋಗಿ ಕೂತ.

ಬೋರಮ್ಮ ಜಗಲಿಯ ಕಂಬ ಹಿಡಿದು ನಿಂತಳು. ಹೊತ್ತು ತೋಟದ ಗರಿಗಳ ಹಿಂದೆ ಇಳಿಯುತ್ತಿತ್ತು. ಎದುರು ಸಾಲಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಮನೆ ಸೇರಿದರು. ರಹಮತುಲ್ಲಾ ಖರ್ಜೂರದ ಪೊಟ್ಟಣ ಹಿಡಿದು ಬಂದ. ಯಾಸೀನನ ತಮ್ಮ ಮುಜಮ್ಮಿಲ್ ಐಸು ತಂದ. ಲಾರಿಯ ಸದ್ದಾದಾಗಲೆಲ್ಲ ಬೋರಮ್ಮ ಕತ್ತು ಉದ್ದ ಮಾಡುತ್ತಿದ್ದಳು. ಸದ್ದು ದೊಡ್ಡ ರಸ್ತೆಯಲ್ಲೇ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಮಸೀದಿಯಿಂದ ಅಜಾನ್ ಕೇಳಿತು. ಗಲ್ಲಿಯ ಆ ಸಾಲಿನ ಮನೆಮನೆಯಲ್ಲಿ ತಟ್ಟೆ ಲೋಟದ ಸದ್ದಾಯಿತು. ಯಾಸೀನ್ ಬಂದಿರಲಿಲ್ಲ.

ಜೈನಾಬ್ ಬೀ ಬಾಗಿಲಿಗೆ ಬಂದು ನಿಂತದ್ದು ಕಾಣಿಸಿತು. ರೋಜಾ ಬಿಡುವಾಗ ಬಾಗಿಲಲ್ಲಿ ನಿಲ್ಲುವ ಹೆಂಗಸಲ್ಲ ಅವಳು.

ಇನ್ನು ತಡೆಯಲಾಗಲಿಲ್ಲ. ಬೋರಮ್ಮ ಉಳಿದ ಸೂಪನ್ನು ಬಿಸಿ ಮಾಡಿ, ಒಂದು ಪಾತ್ರೆಗೆ ಬಗ್ಗಿಸಿ, ತಟ್ಟೆ ಮುಚ್ಚಿ, ಗಲ್ಲಿ ದಾಟಿದಳು. ಯಾಕೆ ತೆಗೆದುಕೊಂಡು ಹೊರಟಳೆಂದು ಆಕೆಗೇ ಗೊತ್ತಿರಲಿಲ್ಲ. ಬರಿಗೈಯಲ್ಲಿ ಹೋಗಿ ಅಂಥ ಮಾತು ಹೇಳುವುದು ಹೇಗೆ?

"ಬೂಬಮ್ಮ, ನಾನೊಂದು ತಪ್ಪು ಮಾಡ್ಬುಟ್ಟೆ" ಎಂದಳು. ಪಾತ್ರೆಯ ಮೇಲಿನ ತಟ್ಟೆ ಕಟಕಟ ಎನ್ನುತ್ತಿತ್ತು. "ನಿಮಗೆ ಹೇಳ್ಬೇಕಿತ್ತು. ಹೆಣ್ಣೆಂಗಸು ಕುಂಬಳಕಾಯಿ ಒಡೆದ್ರೆ ಹಿರಿಮಗನಿಗೆ ಆಗಲ್ಲ ಅಂತಾರೆ ನಮ್ಮಲ್ಲಿ. ಗೊತ್ತಿದ್ದೂ ನಿಮ್ ಕೈಲಿ ಹಾಕಿಸ್ದೆ. ನನ್ ಮಗ ಉಣ್ಲಿ ಅಂತ. ಈಗ ಯಾಸೀನ್..."

ಜೈನಾಬ್ ಬೀ ತಟ್ಟೆಯನ್ನು ಕೈಯಿಂದ ಒತ್ತಿ ಹಿಡಿದು ಸದ್ದು ನಿಲ್ಲಿಸಿದಳು.

"ಗೊತ್ತು."

"ಏನು ಗೊತ್ತು?"

"ಅರೆ, ಬೋರಮ್ಮ, ನಾನು ಈ ಗಲ್ಲಿಗೆ ಬಂದು ಎಷ್ಟು ವರ್ಷ ಆಯ್ತು? ನಿಮ್ಮತ್ತೆ ಬಾಗಿಲಲ್ಲಿ ನಿಂತು ನಮ್ಮೋರನ್ನ ಕೂಗೋರಲ್ಲ, ಯಾಕೆ ಕೂಗ್ತಾರೆ ಅಂತ ಕೇಳ್ದೇ ಇರ್ತೀನಾ? ಅವ್ರೇ ಕೂರಿಸ್ಕೊಂಡು ಹೇಳಿದ್ರು. ನಿಂಗೂ ಗಂಡುಮಗ ಹುಟ್ಟವ್ನೆ, ನೀನೂ ಒಡೀಬ್ಯಾಡ ಕಣಮ್ಮ ಅಂದಿದ್ರು. ಇದುವರೆಗೂ ನಾನು ಒಡೆದಿರ್ಲಿಲ್ಲ."

ಬೋರಮ್ಮ ಪಾತ್ರೆಯನ್ನು ಜಗಲಿಯ ಮೇಲೆ ಇಟ್ಟಳು. "ಗೊತ್ತಿದ್ದೂ ಯಾಕೆ ಒಡೆದ್ರಿ ಬೂಬಮ್ಮ?"

"ನಿಮ್ ಹುಡುಗ ಹಸಿವು ಅಂದಿದ್ನಲ್ಲ" ಎಂದಳು ಜೈನಾಬ್ ಬೀ. ಇದರಲ್ಲಿ ಕೇಳುವುದೇನಿದೆ ಎಂಬಂತೆ ಹೇಳಿದಳು. ಆಮೇಲೆ ಗಲ್ಲಿಯ ತುದಿ ಕಡೆ ನೋಡುತ್ತ ದನಿ ತಗ್ಗಿಸಿದಳು. "ಅಲ್ಲಾ ಇದಾನೆ ಅಂತ ಒಡೆದೆ. ಒಡೆಯೋವಾಗ ಏನೂ ಅನ್ನಿಸ್ಲಿಲ್ಲ. ನೀವು ಯಾಸೀನ್ ಎಲ್ಲಿ ಅಂತ ಕೇಳಿದ್ರಲ್ಲ, ಆವಾಗಿಂದ ನನ್ ಕೈ ಕೆಲ್ಸಕ್ಕೆ ಬತ್ತಿಲ್ಲ. ಒಂದು ರವಿಕೆ ಹುಕ್ಕೆಲ್ಲ ಉಲ್ಟಾ ಹಾಕ್ಬಿಟ್ಟಿದೀನಿ."

ಅವಳ ಇನ್ನೊಂದು ಕೈಯಲ್ಲಿ ಖರ್ಜೂರವಿತ್ತು. ಕಚ್ಚಿರಲಿಲ್ಲ, ಬೆರಳಲ್ಲಿ ಹಿಸುಕಿ ಅಂಟಂಟಾಗಿತ್ತು. "ನೀರಾದ್ರೂ ಕುಡೀರಿ" ಎಂದು ಬೋರಮ್ಮ ಒಳಗಿದ್ದ ರಹಮತುಲ್ಲಾನಿಂದ ಲೋಟ ಇಸಿದುಕೊಂಡು ಅವಳ ಬಾಯಿಗೆ ಹಿಡಿದಳು. ಜೈನಾಬ್ ಬೀ ಒಂದು ಗುಟುಕು ಕುಡಿದಳು. ಇಬ್ಬರೂ ಜಗಲಿಯ ಮೇಲೆ ಪಕ್ಕಪಕ್ಕದಲ್ಲಿ ಕೂತರು. ಗಲ್ಲಿಯ ತುದಿಯನ್ನೇ ನೋಡುತ್ತಿದ್ದರು. ಅಷ್ಟು ವರ್ಷ ಬೋರಮ್ಮ ಒಬ್ಬಳೇ ಮಾಡಿಕೊಂಡು ಬಂದ ಕೆಲಸವನ್ನು ಆ ಸಂಜೆ ಇಬ್ಬರು ಮಾಡಿದರು.

ಪೂರ್ತಿ ಕತ್ತಲಾಗುವ ಮುಂಚೆ ಗಲ್ಲಿಯ ತುದಿಯಲ್ಲಿ ಲಾರಿಯೊಂದು ನಿಂತು, ಯಾರೋ ಧೊಪ್ಪೆಂದು ಹಾರಿ ಇಳಿದರು. ಅದಿರಿನ ಕೆಂಪು ಧೂಳಿನಲ್ಲಿ ಮುಖದ ಗುರುತೇ ಇರಲಿಲ್ಲ, ಆದರೆ ನಡಿಗೆ ಯಾಸೀನನದೇ. ಆಕ್ಸಲ್ ತುಂಡಾಗಿತ್ತಂತೆ. ಚಿಕ್ಕನಾಯಕನಹಳ್ಳಿಯಿಂದ ಬೇರೆ ತರಿಸಿ ಹಾಕುವಷ್ಟರಲ್ಲಿ ಹೊತ್ತಾಯಿತಂತೆ. ದಾರಿಯಲ್ಲೇ ಡ್ರೈವರು ಕೊಟ್ಟ ಬಾಳೆಹಣ್ಣಿನಲ್ಲಿ ರೋಜಾ ಬಿಟ್ಟನಂತೆ. ಅವನು ಇಷ್ಟು ಹೇಳುವುದರಲ್ಲಿ ತಾಯಿ ಅವನ ತೋಳು, ಬೆನ್ನು, ತಲೆಯನ್ನೆಲ್ಲ ಸವರಿ ನೋಡುತ್ತಿದ್ದಳು. ಅವಳು ಬಿಟ್ಟ ಮೇಲೆ ಬೋರಮ್ಮ ಸವರಿದಳು.

"ಏನಾಯ್ತು ಅತ್ತೆ, ಅರುಣ ಹುಷಾರಾಗಿದಾನೆ ತಾನೆ?" ಎಂದು ಯಾಸೀನ್ ಗಾಬರಿಯಾದ.

"ಅವ್ನು ಹುಷಾರಾಗವ್ನೆ ಕಣಪ್ಪ, ನೀನು ಮೊದ್ಲು ಕೈ ತೊಳ್ಕೊ" ಎಂದು ಬೋರಮ್ಮ ಸೂಪಿನ ಪಾತ್ರೆಯನ್ನು ಮುಂದೆ ನೂಕಿದಳು. ಯಾಸೀನ್ ನಿಂತಲ್ಲೇ ಒಂದು ಗುಟುಕು ಕುಡಿದು ತಾಯಿಯ ಮುಖ ನೋಡಿದ, ಬೋರಮ್ಮನ ಮುಖ ನೋಡಿದ. "ಅತ್ತೆ, ಇದಕ್ಕೆ ಉಪ್ಪೇ ಹಾಕಿಲ್ವಲ್ಲ?"

ಹೌದು, ಮರೆತಿದ್ದಳು. ಅರುಣ ಎರಡು ಬಟ್ಟಲು ಸಪ್ಪೆಯನ್ನೇ ಕುಡಿದಿದ್ದ, ಒಂದು ಮಾತು ಆಡಿರಲಿಲ್ಲ. ಜೈನಾಬ್ ಬೀ ಬಾಯಿಗೆ ಸೆರಗಿಟ್ಟುಕೊಂಡು ನಗಲು ಶುರುಮಾಡಿದಳು. ಬೋರಮ್ಮನೂ ನಕ್ಕಳು, ನಗುತ್ತಲೇ ಅಳುವೂ ಬಂತು, ಒಳಗಿಂದ ರಹಮತುಲ್ಲಾ ಬಂದು ಈ ಇಬ್ಬರು ಹೆಂಗಸರಿಗೆ ಏನಾಗಿದೆಯೆಂದು ತಿಳಿಯದೆ ಉಪ್ಪಿನ ಡಬ್ಬಿ ಹಿಡಿದು ನಿಂತ.

ಅರುಣ್ ಕುಮಾರ್ ಹದಿನೈದು ದಿನದಲ್ಲಿ ಎದ್ದು ಓಡಾಡಿದ. ತುಮಕೂರಿಗೆ ಹೋಗುವ ಪ್ರಮೇಯ ಬರಲಿಲ್ಲ. ಬೋರಮ್ಮನ ಹೆದರಿಕೆ ಇದರಿಂದ ಬಿಟ್ಟಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ, ಬಿಡಲಿಲ್ಲ. ಈಗಲೂ ಆಕೆ ಕುಂಬಳಕಾಯಿಗೆ ಮೊದಲ ಕಚ್ಚು ಹಾಕುವುದಿಲ್ಲ, ಚಿಕ್ಕಣ್ಣನೋ ರಹಮತುಲ್ಲಾನೋ ಹಾಕಿಕೊಡಬೇಕು. ಆದರೆ ತವರಿನಿಂದ ಕಾಯಿ ಬಂದ ದಿನ ಅವರು ಮಚ್ಚು ಎತ್ತುವುದಕ್ಕೂ ಆಕೆ ಬಿಡುವುದಿಲ್ಲ. ಮೊದಲು ಒಳಗೆ ಇಣುಕಿ ಅರುಣ ಇದ್ದಾನೆಯೇ ಎಂದು ನೋಡುತ್ತಾಳೆ, ಆಮೇಲೆ ಬಾಗಿಲಿಗೆ ಬಂದು ಎದುರು ಮನೆಗೆ ಕೇಳುವಂತೆ ಕೂಗುತ್ತಾಳೆ.

"ಬೂಬಮ್ಮಾ, ಯಾಸೀನ್ ಮನೆಗೆ ಬಂದ್ನಾ?"

ಬಂದ ಎಂಬ ಉತ್ತರ ಬರುವವರೆಗೆ ಆ ಮನೆಯಲ್ಲಿ ಕುಂಬಳಕಾಯಿ ಹಾಗೇ ಕೂತಿರುತ್ತದೆ.